ತೂಗಕೂಡದು

ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಮರೆತುಹೋಗಿದೆಯೆಂದು ಯಾರೂ ಭಾವಿಸಬಾರದು. ನಾನು ಅಂಥದ್ದನ್ನು ಮರೆಯುವವನಲ್ಲ. ಆದರೆ ಇಂದು ಅಲ್ಲಿ ವಾಸವಾಗಿರುವವರು ನನಗೆ ಯಾವ ಕೇಡನ್ನೂ ಮಾಡಿಲ್ಲ. ಅವರ ತಾತಂದಿರು ಮಾಡಿದ್ದಕ್ಕೆ ಅವರನ್ನು ನಿಲ್ಲಿಸಿ ಕೇಳುವುದು ನ್ಯಾಯವಾಗಲಾರದು. ಸೇಲಂ ಜಿಲ್ಲೆಯಲ್ಲಿ, ಏರ್ಕಾಡ್ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ತನಗೊಂದು ಮುನಿಸಿಪಾಲಿಟಿ ಇದೆಯೆಂಬ ಹೆಮ್ಮೆಯಿದ್ದ ಊರು ಎಂದಷ್ಟು ಹೇಳಿದರೆ ಸಾಕು. ಕಾಲ, ಮೂವತ್ತರ ದಶಕದ ನಡುವಿನ ಒಂದು ಬೇಸಿಗೆ.

ಆಗ ನಾನು ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಕಡಯಂಪಟ್ಟಿಯಿಂದ ಆಚೆ, ಮಳೆ ಕಡಿಮೆಯ ಕಲ್ಲು ನೆಲದಲ್ಲಿ ನಮ್ಮ ಹಟ್ಟಿ. ಕುರಿ ಸಾಕುವುದು, ಉಣ್ಣೆ ಕತ್ತರಿಸಿ ಕಂಬಳಿ ನೇಯುವುದು ನಮ್ಮ ಮನೆತನದ ಕೆಲಸ. ಹಟ್ಟಿಯೊಳಗೆ ಕನ್ನಡ, ಹಟ್ಟಿ ದಾಟಿದರೆ ತಮಿಳು. ಗುಡಿಯ ಅಯ್ಯನವರು ಹೇಳಿಕೊಟ್ಟ ಅಕ್ಷರ ನನ್ನ ತಲೆಗೆ ಹತ್ತಿದ್ದರಿಂದ, ಮಗ್ಗದಿಂದ ಎದ್ದ ಹೊತ್ತಿನಲ್ಲಿ ಗುಡಿಯ ಜಗಲಿಯ ಮೇಲೆ ಮಕ್ಕಳಿಗೆ ಕನ್ನಡ ಓದಿಸುತ್ತಿದ್ದೆ. ತಮಿಳನ್ನು ಸಂತೆಯಲ್ಲಿ ಕಿವಿಯಿಂದ ಕಲಿತಿದ್ದೆ. ನನ್ನ ಅವ್ವನಿಗೆ ಅದೂ ಇರಲಿಲ್ಲ. ಉಪ್ಪು, ಎಣ್ಣೆ, ಬೆಲ್ಲ, ಬಾ, ಹೋಗು, ಬೇಡ. ಅವಳ ತಮಿಳು ಅಲ್ಲಿಗೆ ಮುಗಿಯುತ್ತಿತ್ತು. ಸಂತೆಯಲ್ಲಿ ಕಂಬಳಿ ಮಾರಲು ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಿರಲೂ ಇಲ್ಲ. ಮಿಕ್ಕಿದ್ದನ್ನು ಕೈ ಹೇಳುತ್ತಿತ್ತು.

ನನ್ನ ಹೆಂಡತಿ ಹಟ್ಟಿಯಲ್ಲಿಯೇ ಹೆತ್ತಳು. ಹೆಣ್ಣು ಮಗು. ಹೆರಿಗೆ ಸಲೀಸಾಗಿ ಆಯಿತು, ಆದರೆ ತಿಂಗಳು ತುಂಬುವುದರೊಳಗೆ ಬಾಣಂತಿಗೆ ಜ್ವರ ಹಿಡಿಯಿತು. ಕಷಾಯಕ್ಕೆ ಬಿಡಲಿಲ್ಲ, ತಾಯಿತಕ್ಕೆ ಬಿಡಲಿಲ್ಲ. ಹರೂರಿನಿಂದ ನೋಡಲು ಬಂದ ಅವಳ ಅಣ್ಣ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ: “ಇಲ್ಲೇ ಮಡಗಿದ್ರೆ ಉಳಿಯಾಕಿಲ್ಲ ಬಾವ. ಧರ್ಮಾಸ್ಪತ್ರಿಗೆ ಹಾಕು.” ಕಡಯಂಪಟ್ಟಿಯವರೆಗೆ ಗಾಡಿ, ಅಲ್ಲಿಂದ ಬಸ್ಸು. ಅವ್ವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಂದಳು.

ಮುನಿಸಿಪಾಲಿಟಿ ಕಚೇರಿಯೂ ಅದರ ಆಸ್ಪತ್ರೆಯೂ ಒಂದೇ ಕಾಂಪೌಂಡಿನೊಳಗಿದ್ದವು. ಮುಂದೆ ಕಚೇರಿ, ಹಿಂದೆ ಹೆಂಗಸರ ವಾರ್ಡು, ನಡುವೆ ವಿಶಾಲವಾದ ಮೈದಾನ. ಅದರಲ್ಲಿ ಒಂದು ಬಾವಿ, ಹಲವು ಬೇವಿನ ಮರಗಳು. ಗೋಡೆಯಿತ್ತು, ಗೇಟಿರಲಿಲ್ಲ. ಎರಡು ಕಂಬಗಳ ನಡುವೆ ಹಗಲೂ ರಾತ್ರಿಯೂ ಬರಿಯ ಬಯಲು. ರೋಗಿಗಳ ಕಡೆಯವರು ಮರದಡಿಯಲ್ಲಿ ಮೂರು ಕಲ್ಲು ಹೂಡಿ ಗಂಜಿ ಕಾಯಿಸಿಕೊಂಡು, ಅಲ್ಲಿಯೇ ಮಲಗಿ, ಬೆಳಗ್ಗೆ ಎದ್ದು ತಾವು ಮಲಗಿದ ಜಾಗವನ್ನು ಗುಡಿಸಿ ನೀರು ಚಿಮುಕಿಸುತ್ತಿದ್ದರು. ಸಂತೆಯ ಹಿಂದಿನ ಸಂಜೆ ಬರುವ ನಮ್ಮಂಥ ಕಂಬಳಿಯವರೂ ಹೊರೆ ಇಳಿಸುತ್ತಿದ್ದುದು ಅಲ್ಲಿಯೇ. ಅದಕ್ಕೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ, ಯಾರೂ ಬೇಡವೆಂದಿರಲಿಲ್ಲ. ನನ್ನ ತಂದೆ ತಾನು ಮಲಗುತ್ತಿದ್ದ ಮರವನ್ನು ನನಗೆ ತೋರಿಸಿದ್ದ.

ವಾರ್ಡಿನಲ್ಲಿ ಬೇರೆ ಬೇರೆ ಜ್ವರದವರು ಇದ್ದುದರಿಂದ ಎಳೆಯ ಮಗುವನ್ನು ಒಳಗೆ ಇಡುವಂತಿಲ್ಲವೆಂದು ನರ್ಸಮ್ಮ ಹೇಳಿದರು. ಅದು ಸರಿಯಾದ ಮಾತು. ಸರಿಯಾದುದನ್ನು ನಾನು ಸರಿಯೆಂದೇ ಬರೆಯುತ್ತೇನೆ. ಮಗು ಅತ್ತಾಗ ಆಯಾಳನ್ನು ಕರೆದರೆ ಅವಳು ಹಿಂಬಾಗಿಲು ತೆರೆಯುತ್ತಾಳೆ, ತಾಯಿ ವೆರಾಂಡಕ್ಕೆ ಬಂದು ಹಾಲು ಕೊಡಲಿ ಎಂದೂ ಅವರೇ ಏರ್ಪಾಡು ಮಾಡಿದರು. “ರಾತ್ರಿಯ ಹಾಲನ್ನು ತಪ್ಪಿಸಬೇಡ,” ಎಂದು ನನ್ನನ್ನು ಬೇರೆಯಾಗಿ ಕರೆದು ತಮಿಳಿನಲ್ಲಿ ಹೇಳಿದರು. “ಎದೆ ಕಟ್ಟಿಕೊಂಡರೆ ಈ ಜ್ವರದ ಮೇಲೆ ಇನ್ನೊಂದು ಜ್ವರ ಬರುತ್ತದೆ. ಆಮೇಲೆ ಹಾಲನ್ನು ಉಳಿಸಿಕೊಡು ಎಂದು ನನ್ನನ್ನು ಕೇಳಬೇಡ.” ಆ ಮಾತನ್ನು ನಾನು ಅವ್ವನಿಗೆ ಒಂದಕ್ಷರ ಬಿಡದೆ ತಿಳಿಸಿದೆ.

ವೆರಾಂಡದ ಎದುರಿಗಿದ್ದ ಬೇವಿನ ಕೊಂಬೆಗೆ ಅವ್ವ ತೊಟ್ಟಿಲು ಕಟ್ಟಿದಳು. ತೊಟ್ಟಿಲೆಂದರೆ ಕಂಬಳಿಯ ಜೋಲಿ. ಮರಿಕುರಿಗಳ ಮೊದಲ ಕತ್ತರಿಯ ಉಣ್ಣೆ ಮೆತ್ತಗಿರುತ್ತದೆ, ಮೈಗೆ ಚುಚ್ಚುವುದಿಲ್ಲ. ಅದನ್ನು ಬೇರೆಯಾಗಿ ತೆಗೆದಿರಿಸಿ, ಮಗು ಹುಟ್ಟುವ ಮೊದಲೇ ನಾನು ನೇಯ್ದಿದ್ದ ಚಿಕ್ಕ ಕಂಬಳಿ ಅದು: ಕಪ್ಪು ಮೈ, ಎರಡು ಅಂಚಿಗೂ ಬಿಳಿಯ ಗೆರೆ. ತೂಗಿದಾಗ ಹಗ್ಗ ಕೊಂಬೆಗೆ ಉಜ್ಜಿ ಕಿರ್ರ್ ಎಂದು ಸದ್ದು ಮಾಡುತ್ತಿತ್ತು. ನನಗೆ ಅದು ಕಿರಿಕಿರಿ. ಒಳಗೆ ಮಲಗಿದ್ದವಳಿಗೆ ಹಾಗಿರಲಿಲ್ಲ.

“ಆ ಸದ್ದು ಕೇಳ್ತಿದ್ರೆ ಕೂಸು ನನ್ ಪಕ್ಕದಾಗೇ ಐತೆ ಅನ್ನಿಸ್ತದೆ,” ಎಂದು ಅವಳು ಒಂದು ಬೆಳಗ್ಗೆ ವೆರಾಂಡದಲ್ಲಿ ಹೇಳಿದಳು. “ನಿಂತ್ರೆ ಎಚ್ಚರಾಗ್ಬಿಡ್ತದೆ.”

“ಇದೊಳ್ಳೆ ಆಯ್ತಲ್ಲ,” ಎಂದಳು ಅವ್ವ. “ಮೊಗ ಮಲಗಿದ್ ಮ್ಯಾಲೂ ಮೊಗಿನ್ ತಾಯಿಗೆ ಅಂತ ತೂಗ್ಬೇಕಾ? ನನ್ ಕೈಯೇನು ಗಾಣದೆತ್ತಾ ಕಣವ್ವ?”

ಹಾಗೆ ಹೇಳಿದರೂ ತೂಗುತ್ತಿದ್ದಳು. ಮಗು ನಿದ್ದೆ ಹೋದ ಮೇಲೆಯೂ ಅವಳ ಕೈ ಹಗ್ಗದ ಮೇಲೆಯೇ ಇರುತ್ತಿತ್ತು. ಜ್ವರ ನಿಧಾನವಾಗಿ ಇಳಿಯತೊಡಗಿತ್ತು. ನರ್ಸಮ್ಮ ನಗುತ್ತಿದ್ದರು.

ಆ ವರ್ಷವೇ ಮುನಿಸಿಪಾಲಿಟಿಯವರಿಗೆ ಮೈದಾನವನ್ನು ತೋಟ ಮಾಡುವ ಉತ್ಸಾಹ ಬಂದದ್ದು. ಬಾವಿಯ ಸುತ್ತ ಇಟ್ಟಿಗೆ ನಿಲ್ಲಿಸಿ ಪಾತಿ ಮಾಡಿಸಿದರು, ಸಿಮೆಂಟಿನ ಬೆಂಚುಗಳು ಬಂದವು, ಎರಡು ಕಂಬಗಳ ನಡುವೆ ಕಬ್ಬಿಣದ ಗೇಟು ಬಂತು. ಇದನ್ನೆಲ್ಲ ನಡೆಸುತ್ತಿದ್ದವನು ಓವರ್‌ಸಿಯರ್ ಎಂಬ ಅಧಿಕಾರಿ. ಮರದಡಿಯಲ್ಲಿ ನಮ್ಮನ್ನು ಕಂಡ ಮೊದಲ ದಿನವೇ ಅವನು ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡಿದ್ದ. ಬಿಳಿಯ ಕರವಸ್ತ್ರ, ನೀಲಿ ಅಂಚು. ಅವ್ವ ಆಗ ತಾನೆ ಮಗುವನ್ನು ಮೀಯಿಸಿ ಸಾಂಬ್ರಾಣಿ ಹಾಕಿದ್ದಳು. ಅಲ್ಲಿ ಇದ್ದುದು ಆ ಸುವಾಸನೆ ಒಂದೇ. ಆದರೂ ಕಂಬಳಿ ಕಂಡೊಡನೆ ಅವನ ಮೂಗು ತನಗೆ ಬೇಕಾದ ವಾಸನೆಯನ್ನು ತಾನೇ ತಂದುಕೊಂಡಿತು. “ಇದು ಆಸ್ಪತ್ತಿರಿಯಾ, ಸತ್ತಿರಮಾ?” ಎಂದ. ಇದು ಆಸ್ಪತ್ರೆಯೋ ಛತ್ರವೋ ಎಂದು. ಉತ್ತರಕ್ಕೆ ನಿಲ್ಲಲಿಲ್ಲ.

ಅವರ ಕಡೆಯ ಕಾರಣಗಳನ್ನೂ ಹೇಳದಿದ್ದರೆ ನನ್ನ ಮಾತು ಒಂದು ಕಡೆಗೆ ವಾಲುತ್ತದೆ. ಹೊಗೆಯಿಂದ ಕಚೇರಿಯ ಹಿಂಗೋಡೆ ಕಪ್ಪಾಗಿದೆ ಎಂದರು. ಕಪ್ಪಾದದ್ದು ನಿಜ, ಆದರೆ ಅದು ಕಚೇರಿಯ ಜವಾನರು ನೀರು ಕಾಯಿಸುತ್ತಿದ್ದ ಒಲೆಯ ಹೊಗೆ. ನಮ್ಮ ಕಲ್ಲುಗಳು ಇದ್ದುದು ಮೈದಾನದ ಆಚೆ ತುದಿಯಲ್ಲಿ. ಹೊಲಸು ಮಾಡುತ್ತಾರೆ ಎಂದರು. ಕೆಲವರು ಮಾಡುತ್ತಿದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಸಂತೆಯ ದಿನ ಕುಡಿದು ಬಂದು ಬೆಂಚಿನ ಮೇಲೆ ಬೀಳುವವರೂ ಇದ್ದರು. ಅವರನ್ನು ತಡೆಯಲು ಗೇಟು ಬೇಕಾಗಿತ್ತೆಂದರೆ ಒಪ್ಪುತ್ತೇನೆ. ಆದರೆ ಗೇಟಿಗೆ ಕುಡುಕನೂ ಒಂದೇ, ಬಾಣಂತಿಯ ಅತ್ತೆಯೂ ಒಂದೇ ಆಗಬೇಕಾಗಿತ್ತೇ? ಈ ಪ್ರಶ್ನೆಯನ್ನು ನಾನು ಆಗಲೂ ಕೇಳಿದೆ. ಈಗಲೂ ಕೇಳುತ್ತಿದ್ದೇನೆ.

ಇನ್ನು ಆ ಸಂಜೆಯ ಸಂಗತಿ. ಹಿಟ್ಟು ಮುಗಿದುದರಿಂದ ನಾನು ಹಟ್ಟಿಗೆ ಹೋಗಿದ್ದೆ. ಅಲ್ಲಿ ನಡೆದುದನ್ನು ಅವ್ವ, ಆಯಾ, ಹೊಸ ಗೇಟಿಗೆ ಹಾಕಿದ್ದ ಮುದುಕ ಕಾವಲುಗಾರ, ಮೂವರ ಬಾಯಿಂದಲೂ ಕೇಳಿ, ಒಂದಕ್ಕೊಂದು ಹೊಂದಿಸಿ ಬರೆಯುತ್ತಿದ್ದೇನೆ.

ಹೊತ್ತು ಮುಳುಗುವ ಮುಂಚೆ ತಮಟೆಯವನು ಬಂದ. ಗೇಟಿನ ಹತ್ತಿರ ನಿಂತು ತಮಟೆ ಬಾರಿಸಿ, ಅಲ್ಲಿನ ರೂಢಿಯಂತೆ “ಇದನಾಲ್ ಸಗಲಮಾನವರ್ಗಳುಕ್ಕುಂ ತೆರಿವಿಪ್ಪದು” ಎಂದು ಎಲ್ಲರಿಗೂ ತಿಳಿಸುವ ಮಾತನ್ನು ಆರಂಭಿಸಿ, ಕೊನೆಗೆ ಕೂಗಿದ: “ರಾತ್ತಿರಿಯಿಲ್ ಇಂಗೆ ಯಾರುಂ ತೂಂಗಕ್ಕೂಡಾದು!”

ತಮಿಳಿನಲ್ಲಿ ತೂಂಗುವುದು ಎಂದರೆ ನಿದ್ದೆ ಮಾಡುವುದು. ರಾತ್ರಿ ಇಲ್ಲಿ ಯಾರೂ ಮಲಗಕೂಡದು ಎಂದು ಅವನು ಹೇಳಿದ. ನನ್ನ ಅವ್ವನಿಗೆ ಕೇಳಿಸಿದ್ದು ನಮ್ಮ ಮಾತು. ರಾತ್ರಿ ಇಲ್ಲಿ ಯಾರೂ ತೂಗಕೂಡದು. ಯಾರಾದರೂ ನಗುವ ಮುಂಚೆ ಒಂದು ಸಂಗತಿಯನ್ನು ಗಮನಿಸಬೇಕು. ಅವಳು ಹುಟ್ಟಿದ್ದು ಕನ್ನಡದ ಹಟ್ಟಿಯಲ್ಲಿ, ಬಾಳಿದ್ದು ಕನ್ನಡದ ಹಟ್ಟಿಯಲ್ಲಿ. ಮೈದಾನದಲ್ಲಿ ಮಲಗಿದಾಗಲೂ ಸುತ್ತ ನಮ್ಮವರೇ ಇರುತ್ತಿದ್ದರು. ನಿದ್ದೆಗೆ ತಮಿಳರು ಏನೆನ್ನುತ್ತಾರೆ ಎಂದು ಯಾರನ್ನೂ ಕೇಳುವ ಸಂದರ್ಭವೇ ಅವಳಿಗೆ ಬಂದಿರಲಿಲ್ಲ. ‘ರಾತ್ರಿ’ ತಿಳಿಯಿತು, ‘ಯಾರೂ’ ತಿಳಿಯಿತು, ‘ಕೂಡದು’ ತಿಳಿಯಿತು. ನಡುವಿನ ಒಂದು ಮಾತನ್ನು ಅವಳು ತನ್ನ ಕೈಯಲ್ಲಿದ್ದ ಹಗ್ಗವನ್ನು ನೋಡಿ ಅರ್ಥಮಾಡಿಕೊಂಡಳು.

ಸರ್ಕಾರ ತೂಗಬೇಡ ಎಂದಿತು, ಅವಳು ತೂಗಲಿಲ್ಲ. ತೊಟ್ಟಿಲನ್ನು ಬಿಚ್ಚಿದಳು. ಕಂಬಳಿಯನ್ನು ನೆಲಕ್ಕೆ ಹಾಸಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು, ಅಪ್ಪಣೆಯನ್ನು ಪಾಲಿಸಿದ ನೆಮ್ಮದಿಯಿಂದ ಮಲಗಿದಳು.

ಮರುದಿನ ಹಿಟ್ಟಿನ ಗಂಟು ಹೊತ್ತು ನಾನು ಬರುವಾಗ, ಅವ್ವ ಗೇಟಿನ ಹೊರಗೆ, ರಸ್ತೆಯ ಅಂಚಿನ ಮೈಲಿಗಲ್ಲಿನ ಪಕ್ಕ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಗಂಜಿಯ ಮಡಕೆ ಒಡೆದಿತ್ತು. ಕಂಬಳಿ ಇರಲಿಲ್ಲ.

“ಏನಾಯ್ತವ್ವ?”

“ನಂಗೇನ್ ಗೊತ್ಲಾ? ಬೇಡ ಅಂದ್ರು, ಬಿಚ್ದೆ. ಬಿಚ್ಚಿದ್ರೂ ಬೈದ್ರು.”

“ಏನನ್ನ ಬಿಚ್ಚಿದೆ?”

“ತೊಟ್ಲ ಕಣ್ಲಾ. ತಮಟೆಯವ್ನು ತೂಗ್ಕೂಡ್ದು ತೂಗ್ಕೂಡ್ದು ಅಂತ ಸಾರ್ಕಂಡ್ ಓದ. ಒಸಾ ತೋಟ ಮಾಡ್ತಾವ್ರಲ್ಲ, ಕೊಂಬೆ ಮುರೀತದೆ ಅಂತಿರ್ಬೇಕು ಅನ್ಕಂಡೆ. ನ್ಯಾಯ್ವಾದ್ ಮಾತೇ ಅಲ್ವಾ? ಮರ ಅವ್ರುದು.”

ನಾನು ಗಂಟನ್ನು ಕೆಳಗಿಟ್ಟೆ. “ಮಿಕ್ಕೋರೆಲ್ಲ ಎದ್ ಓದ್ರಲ್ಲ, ಅವಾಗಾದ್ರೂ ನಿಂಗೆ ಅನುಮಾನ ಬರ್ಲಿಲ್ವಾ?”

“ಬೇರೆ ಮರ ನೋಡ್ಕಣಾಕೆ ಓದ್ರು ಅನ್ಕಂಡೆ,” ಎಂದಳು. ಮಗುವಿನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಮುಚ್ಚಿ, “ಆ ಮೂಗಿಗೆ ಬಟ್ಟೆ ಇಡೋನು ಲಾಟೀನು ತಂದು ಮಖಕ್ಕೆ ಇಡ್ದ. ನಾನು ಎದ್ದು ಕೈ ಮುಗ್ದು, ತೂಗಿಲ್ಲ ಸ್ವಾಮಿ, ನೋಡಿ, ಬಿಚ್ಚಾಕಿವ್ನಿ ಅಂದೆ. ಅವ್ನು ಅದ್ಯಾಕ್ಲಾ ಅಂಗೆ ನಕ್ಕ?” ಎಂದು ಕೇಳಿದಳು.

ಅವನು ನಕ್ಕದ್ದಕ್ಕೆ ಕಾರಣವನ್ನು ನಾನು ಅವಳಿಗೆ ಹೇಳಬೇಕಾಯಿತು. ರಸ್ತೆಯ ಅಂಚಿನಲ್ಲಿ ಕುಳಿತು, ಆ ಒಂದು ಮಾತಿಗೆ ಅವರಲ್ಲಿ ಏನರ್ಥ, ನಮ್ಮಲ್ಲಿ ಏನರ್ಥ ಎಂದು ಬಿಡಿಸಿದೆ. ಗುಡಿಯ ಜಗಲಿಯಲ್ಲಿ ಎಷ್ಟೋ ಮಾತಿನ ಅರ್ಥ ಬಿಡಿಸಿದ್ದೇನೆ, ಅಷ್ಟು ಕಷ್ಟವಾದುದು ಬೇರೊಂದಿಲ್ಲ. ಅವಳ ಮುಖ ಮೊದಲು ಏನೂ ಆಗಿಲ್ಲದಂತೆ ಇತ್ತು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

“ಅಂಗಾರೆ ನಾನು ಮಲ್ಗಿದ್ದೇ ತಪ್ಪಾ?”

ಆ ತೂಗಿಲ್ಲ ಸ್ವಾಮಿ ಎಂಬ ಮಾತು ಬೆಳಗಾಗುವುದರೊಳಗೆ ಕಚೇರಿಯನ್ನೆಲ್ಲ ಸುತ್ತಿತ್ತು. ನಾನು ಒಳಗೆ ಕಾಲಿಟ್ಟಾಗ ಒಬ್ಬ ಗುಮಾಸ್ತ ಮೇಜಿನ ಮೇಲೆ ತಲೆಯಿಟ್ಟಿದ್ದ ಇನ್ನೊಬ್ಬನನ್ನು ತಟ್ಟಿ, “ಎನ್ನಪ್ಪಾ, ತೂಗುತ್ತಿದ್ದೀಯಾ?” ಎಂದು ಕೊನೆಯ ಮಾತನ್ನು ನಮ್ಮ ಕನ್ನಡದಂತೆ ಎಳೆದು ಕೇಳಿದ. ಇನ್ನೊಬ್ಬ ಎದ್ದು ಕೈ ಮುಗಿದು, “ತೂಗಿಲ್ಲ ಸ್ವಾಮಿ,” ಎಂದ. ಇಬ್ಬರೂ ನನ್ನನ್ನು ನೋಡಿದರು. ಮೊದಲನೆಯವನಿಗೆ ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿತ್ತು. ಎರಡನೆಯವನ ಪಂಚೆಯ ಮೇಲೆ ಮಸಿ ಚೆಲ್ಲಿದ ಕಲೆಯಿತ್ತು.

ಒಳಗಿದ್ದವಳಿಗೆ ಆ ರಾತ್ರಿ ಏನಾಯಿತೆಂಬುದನ್ನು ಆಯಾ ತಾನು ಕಂಡಷ್ಟು ಹೇಳಿದಳು, ಮಿಕ್ಕಿದ್ದನ್ನು ಹೆಂಡತಿಯೇ ಆಮೇಲೆ ಹೇಳಿದಳು. ಕಿರ್ರ್ ಎನ್ನುವ ಸದ್ದು ನಿಂತದ್ದರಿಂದ ಅವಳಿಗೆ ಎಚ್ಚರವಾಯಿತು. ಮತ್ತೆ ಆರಂಭವಾಗುತ್ತದೆಂದು ಬಹಳ ಹೊತ್ತು ಕಾದಳು. ಆಗಲಿಲ್ಲ. ಹಾಸಿಗೆ ಬಿಟ್ಟು ಎದ್ದು, ಗೋಡೆ ಹಿಡಿದುಕೊಂಡು ವೆರಾಂಡಕ್ಕೆ ಬಂದಳು. ಅಷ್ಟು ಹೊತ್ತಿಗೆ ಅವ್ವನನ್ನು ಎಬ್ಬಿಸಿ ಹೊರಗೆ ಹಾಕಿಯಾಗಿತ್ತು. ಬೆಳದಿಂಗಳಿನಲ್ಲಿ ಮರ ಇತ್ತು, ಕೊಂಬೆ ಇತ್ತು, ತೊಟ್ಟಿಲಿರಲಿಲ್ಲ, ಮರದ ಕೆಳಗೆ ಯಾರೂ ಇರಲಿಲ್ಲ. ಮಗು ತೀರಿಹೋಗಿದೆ, ತನಗೆ ಹೇಳದೆ ಒಯ್ದಿದ್ದಾರೆ ಎಂದುಕೊಂಡಳು. ಬೇರೆ ಏನನ್ನು ತಾನೆ ಅಂದುಕೊಳ್ಳಬಹುದಿತ್ತು? ಅವಳಿಗೂ ತಮಿಳು ಬರುತ್ತಿರಲಿಲ್ಲ; ಆಯಾ ಕೇಳಿದ್ದು ಅವಳಿಗೆ ತಿಳಿಯಲಿಲ್ಲ, ಅವಳು ಹೇಳಿದ್ದು ಆಯಾಳಿಗೆ ತಿಳಿಯಲಿಲ್ಲ. ಬೆಳಗ್ಗೆ ನಾನು ಮಗುವನ್ನು ಕೈಗೆ ಕೊಟ್ಟಾಗ ಅವಳು ಹಾಲು ಕೊಡಲಿಲ್ಲ. ಮೊದಲು ಅದರ ಬೆರಳುಗಳನ್ನು ಬಿಡಿಸಿ ನೋಡಿದಳು, ಕಿವಿಯ ಹಿಂದೆ ನೋಡಿದಳು. ತನ್ನದೇ ಎಂದು ಖಾತರಿಯಾದ ಮೇಲೆ ಎದೆಗೆ ಒತ್ತಿಕೊಂಡಳು. ಜ್ವರ ಮತ್ತೆ ಏರಿತ್ತು.

ನಾನು ಓವರ್‌ಸಿಯರನ ಕೋಣೆಗೆ ಹೋದೆ. ಬಾಗಿಲಲ್ಲಿ ಕಾಲೊರಸು ಇತ್ತು. ಕಪ್ಪು ಮೈ, ಎರಡು ಅಂಚಿಗೂ ಬಿಳಿಯ ಗೆರೆ.

ಅದನ್ನು ಮಡಿಸಿ ಹಾಕಿದ್ದರು. ನೇಯ್ದವನಿಗೆ ತನ್ನ ಕೈ ತಿಳಿಯುತ್ತದೆ. ಒಂದು ಮೂಲೆಯಲ್ಲಿ ಎಳೆ ತಪ್ಪಿ ಮತ್ತೆ ಸೇರಿಸಿದ ಗಂಟು ಕೂಡ ಮೇಲೆಯೇ ಕಾಣುತ್ತಿತ್ತು. ನಾನು ಅದನ್ನು ತುಳಿಯದೆ ಹೊಸ್ತಿಲ ಆಚೆಯೇ ನಿಂತೆ.

“ಒಳಗೆ ಬಂದು ಹೇಳು,” ಎಂದ ಓವರ್‌ಸಿಯರ್. “ಕಾಲು ಒರಸಿಕೊಂಡು ಬಾ.”

ಹೊರಗೆ ನಿಂತೇ ಹೇಳಿದೆ. ನನಗೆ ಬರುತ್ತಿದ್ದ ತಮಿಳಿನಲ್ಲಿ ಅತ್ಯಂತ ಗೌರವದ ಮಾತುಗಳನ್ನು ಆರಿಸಿ ಜೋಡಿಸಿಕೊಂಡಿದ್ದೆ. ನನಗೆ ಮಲಗಲು ಜಾಗ ಬೇಡ. ನನ್ನ ತಾಯಿಗೆ ಮಲಗಲು ಜಾಗ ಬೇಡ. ಎಚ್ಚರವಾಗಿಯೇ ಕುಳಿತಿರುತ್ತಾಳೆ. ಮಗುವಿಗೆ ರಾತ್ರಿ ಹಾಲು ಬೇಕು, ತಾಯಿ ಒಳಗಿದ್ದಾಳೆ, ಅಷ್ಟೇ.

“ಮಗು ರೋಗಿಯೇ?” ಎಂದು ಕೇಳಿದ.

“ಅಲ್ಲ ಸ್ವಾಮಿ.”

“ನಿನ್ನ ತಾಯಿ?”

“ಅಲ್ಲ.”

“ಹಾಗಾದರೆ ಅವರು ಇರಬೇಕಾದ ಜಾಗ ಆಸ್ಪತ್ರೆಯಲ್ಲ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನು ಅವನನ್ನು ಇಷ್ಟು ಸ್ಪಷ್ಟವಾಗಿ ನೆನಪಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲವೇನೋ. “ಕತ್ತಲಾದ ಮೇಲೆ ಗೇಟು ಮುಚ್ಚುತ್ತದೆ. ನಿನ್ನೊಬ್ಬನಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕು. ನಿಯಮ ಮಾಡಿದವನು ನಾನಲ್ಲ. ಕಮಿಷನರ್ ಮಾಡಿದ್ದು, ಅವರನ್ನು ಕೇಳು.”

“ಅವರು ಎಲ್ಲಿದ್ದಾರೆ?”

ಅವನು ಕಿಟಕಿಯತ್ತ ಗಲ್ಲ ಎತ್ತಿ ತೋರಿಸಿದ. ಕಿಟಕಿಯಲ್ಲಿ ಏರ್ಕಾಡ್ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಬಿಸಿಲು ತಣಿಯುವವರೆಗೆ ಸಾಹೇಬರು ಅಲ್ಲಿರುತ್ತಾರಂತೆ.

ಆ ಬೆಟ್ಟ ಮೈದಾನದಲ್ಲಿ ಎಲ್ಲಿ ನಿಂತರೂ ಕಾಣುತ್ತಿತ್ತು. ಮುಂದಿನ ದಿನಗಳಲ್ಲಿ ನಾನು ಅದನ್ನು ನೋಡಿದಷ್ಟು ಅಲ್ಲಿನ ಕಾಫಿ ತೋಟದವರೂ ನೋಡಿರಲಾರರು. ಒಂದು ಮಾತು ಹೇಳಿದರೆ ಗೇಟು ತೆರೆಸಬಲ್ಲ ಮನುಷ್ಯ ಅಲ್ಲಿ ಮೇಲೆ ಇದ್ದಾನೆ. ಹೋಗಲೇ ಎಂದು ಯೋಚಿಸಿದೆ. ಆದರೆ ಮೇಲೆ ಯಾವ ಬಂಗಲೆ, ಯಾರು ಒಳಗೆ ಬಿಟ್ಟಾರು, ಅಷ್ಟರಲ್ಲಿ ಇಲ್ಲಿ ಅವ್ವ ಯಾರ ಮಾತನ್ನು ಏನೆಂದು ಕೇಳಿಸಿಕೊಂಡಾಳು? ಹೋಗಲಿಲ್ಲ. ಹೋಗಿದ್ದರೂ ಆಗುತ್ತಿರಲಿಲ್ಲ ಎಂದು ಜನ ಸಮಾಧಾನ ಹೇಳುತ್ತಾರೆ. ಅದು ಅವರಿಗೆ ಹೇಗೆ ಗೊತ್ತು?

ಹೊರಡುವ ಮೊದಲು ಕಂಬಳಿಯನ್ನು ಕೇಳಿದೆ.

“ಯಾವ ಕಂಬಳಿ?” ಎಂದ ಓವರ್‌ಸಿಯರ್.

ನಾನು ಕೆಳಗೆ ತೋರಿಸಿದೆ. ಅವನು ಕುರ್ಚಿಯಿಂದ ಸ್ವಲ್ಪ ಬಗ್ಗಿ ನೋಡಿ, “ವಾರಸುದಾರರಿಲ್ಲದ ಸಾಮಾನು, ಮೈದಾನದಲ್ಲಿ ಬಿದ್ದಿತ್ತು,” ಎಂದ. ನನ್ನ ಮಗುವಿನ ಮೈಯ ಕೆಳಗಿನಿಂದ ಎಳೆದುಕೊಂಡ ಕಂಬಳಿಗೆ ವಾರಸುದಾರರಿರಲಿಲ್ಲ.

ನಾವು ಗೋಡೆಯ ಹೊರಗೆ, ಗಾಡಿಗಳು ನಿಲ್ಲುವ ಜಾಗದಲ್ಲಿ ಬಿಡಾರ ಮಾಡಿದೆವು. ಹಗಲು ಗೇಟು ತೆರೆದಿರುತ್ತಿತ್ತು, ಮಗು ಒಳಗೆ ಹೋಗಿ ಹಾಲು ಕುಡಿದು ಬರುತ್ತಿತ್ತು. ಕತ್ತಲಾದರೆ ಮುಚ್ಚುತ್ತಿತ್ತು. ಮುದುಕ ಕಾವಲುಗಾರ ಒಳ್ಳೆಯವನು. ಮಗು ಅತ್ತಾಗ ಅವನು ಗೇಟಿನ ಆ ಬದಿಗೆ ಬಂದು ಕಂಬಿ ಹಿಡಿದು ನಿಲ್ಲುತ್ತಿದ್ದ. ಬೀಗದ ಕೈಯನ್ನು ಓವರ್‌ಸಿಯರ್ ಮನೆಗೆ ಒಯ್ಯುತ್ತಿದ್ದ. “ನಾನೂ ಒಳಗೇ ಸಿಕ್ಕಿಕೊಂಡವನು ತಾನೇ ತಂಬಿ,” ಎನ್ನುತ್ತಿದ್ದ ಮುದುಕ. ಮಗುವಿನ ಅಳು ಗೋಡೆಯನ್ನು ದಾಟುತ್ತಿತ್ತು; ನಾವು ದಾಟುವಂತಿರಲಿಲ್ಲ. ಅವ್ವ ಮಗುವಿಗೆ ಸಕ್ಕರೆ ನೀರು ನೆಕ್ಕಿಸಿ, ಹೆಗಲ ಮೇಲೆ ಹಾಕಿಕೊಂಡು ಗೋಡೆಯುದ್ದಕ್ಕೂ ನಡೆಯುತ್ತಿದ್ದಳು. ಕಟ್ಟಲು ಅಲ್ಲಿ ಕೊಂಬೆಯೂ ಇರಲಿಲ್ಲ.

ಹಗಲಿನಲ್ಲಿ ನನ್ನ ಹೆಂಡತಿ ನನಗೆ ಹೆಚ್ಚೇನೂ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, “ರಾತ್ರಿ ಕೂಸು ಅತ್ತಾಗ ಇಲ್ಲಿ ಸೀರೆಯೆಲ್ಲ ನೆಂದೋಗ್ತದೆ. ಆಲು ತಾನೇ ತಾನಾಗಿ ಇಳೀತದೆ. ಅದಕ್ ಗೊತ್ತಾ, ಗೋಡೆ ಐತೆ ಅಂತ?” ಎಂದಳು.

ಕೆಲವು ದಿನಗಳಲ್ಲಿ ನರ್ಸಮ್ಮ ಹೇಳಿದ್ದೇ ಆಯಿತು. ರಾತ್ರಿಯ ಹಾಲು ನಿಂತು ಎದೆ ಕಟ್ಟಿಕೊಂಡು ಕಲ್ಲಾಯಿತು; ಜ್ವರದ ಮೇಲೆ ಜ್ವರ. ಮಗುವಿನ ಬಾಯಿ ತಗಲಿದರೆ ಚೀರುವಷ್ಟು ನೋವು. ನನ್ನನ್ನು ಒಳಗೆ ಬಿಡಲಿಲ್ಲ. ಒಂದು ಮಧ್ಯಾಹ್ನ ಆಯಾ ವೆರಾಂಡಕ್ಕೆ ಬಂದು ನನ್ನನ್ನು ಕರೆದು, “ಮಲ್ಲಿಪ್ಪೂ ವಾಂಗಿಟ್ಟು ವಾ, ತಂಬಿ. ನಿರೆಯ,” ಎಂದಳು. ಮಲ್ಲಿಗೆ ಹೂವು ಕೊಂಡು ತಾ, ಹೆಚ್ಚಾಗಿ ತಾ ಎಂದು.

ಹೂವು! ನಾನು ಏನೆಂದುಕೊಂಡೆನೆಂದು ಬರೆಯಲು ಈ ವಯಸ್ಸಿನಲ್ಲೂ ಕೈ ತಡೆಯುತ್ತದೆ. ಜ್ವರ ಇಳಿಯಿತು, ತಲೆ ಬಾಚಿಸಿಕೊಂಡಿದ್ದಾಳೆ, ಮುಡಿಯಲು ಹೂವು ಕೇಳಿದ್ದಾಳೆ ಎಂದುಕೊಂಡೆ. ಗೇಟಿನ ಹೊರಗೆ ಹೂವಾಡಗಿತ್ತಿಯ ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನೆಲ್ಲ ಕೊಂಡೆ. ಅವ್ವನಿಗೆ ದೂರದಿಂದಲೇ ಎತ್ತಿ ತೋರಿಸಿದೆ.

“ಕೇಳಿದ್ಳಾ? ಅವ್ಳೇ ಕೇಳಿದ್ಳಾ?” ಎಂದು ಅವ್ವ ಎದ್ದು ನಿಂತಳು. “ನನ್ ತಾಯಿ! ಇನ್ನೇನು, ಬಂದ್ಬುಡ್ತಾಳೆ ಮನೀಗೆ.”

ನನ್ನ ಕೈಯಿಂದಲೇ ಆಯಾಳಿಗೆ ಕೊಟ್ಟೆ. ಅವಳು ನನ್ನ ಮುಖವನ್ನು ನೋಡಲಿಲ್ಲ.

ಮರುದಿನ ಹೆಂಡತಿಯನ್ನು ವೆರಾಂಡಕ್ಕೆ ಕರೆತಂದರು. ತಲೆ ಬಾಚಿರಲಿಲ್ಲ, ಮುಡಿಯಲ್ಲಿ ಹೂವಿರಲಿಲ್ಲ. ಆದರೆ ಅವಳ ಮೈಯಿಂದ ಮಲ್ಲಿಗೆಯ ವಾಸನೆ ಬರುತ್ತಿತ್ತು, ಬಾಡಿದ ಹೂವಿನ ದಟ್ಟ ವಾಸನೆ. ರವಿಕೆಯ ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿದ್ದರು. ಅವ್ವ ಅದನ್ನು ಕಂಡವಳೇ ಕಂಬ ಹಿಡಿದು ಕುಳಿತುಬಿಟ್ಟಳು. ಹೆಂಗಸರಿಗೆ ತಿಳಿದಿದ್ದದ್ದು ನನಗೆ ಆಗ ತಿಳಿಯಿತು. ಹಾಲು ಬತ್ತಿಸಬೇಕಾದಾಗ ಎದೆಯ ಮೇಲೆ ಮಲ್ಲಿಗೆಯನ್ನು ಇಟ್ಟು ಕಟ್ಟುತ್ತಾರೆ. ಕೂಸು ಕಳೆದುಕೊಂಡ ಬಾಣಂತಿಗೆ ಕಟ್ಟುತ್ತಾರೆ. ನಮ್ಮ ಕೂಸು ಅವ್ವನ ತೊಡೆಯ ಮೇಲೆ ಕಣ್ಣು ಬಿಟ್ಟು ನೋಡುತ್ತಿತ್ತು.

“ಊವ್ನ ನೀವಾ ತಂದ್ಕೊಟ್ಟಿದ್ದು?” ಎಂದು ಅವಳು ಕೇಳಿದಳು.

“ಊಂ. ನಂಗೆ ಯಾರೂ ಏಳ್ಲಿಲ್ಲ.”

“ನಂಗೂ ಏಳ್ಲಿಲ್ಲ,” ಎಂದಳು. “ಕಟ್ಟಿದ್ ಮ್ಯಾಲೆ ಗೊತ್ತಾಯ್ತು.”

ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು. ಆ ಜ್ವರದಲ್ಲಿ ಅವಳನ್ನು ಉಳಿಸಲು ಬೇರೆ ದಾರಿಯಿರಲಿಲ್ಲ ಎಂದರು. ಅವರ ಮೇಲೆ ನನಗೆ ದೂರಿಲ್ಲ, ಅವರು ಮೊದಲೇ ಎಚ್ಚರಿಸಿದ್ದರು. ತಮ್ಮ ಕೈಲಾದಷ್ಟನ್ನು ಅವರೂ ಕೇಳಿದ್ದರಂತೆ. ಗೇಟಿನ ವಿಷಯ ಆಸ್ಪತ್ರೆಗೆ ಸೇರಿದ್ದಲ್ಲ ಎಂಬ ಉತ್ತರ ಬಂದಿತ್ತಂತೆ.

ಅವಳು ಬದುಕಿದಳು. ನಾವು ಹಟ್ಟಿಗೆ ಮರಳಿದೆವು. ಮಗು ಕೆಲವು ದಿನ ಎದೆಗೆ ಬಾಯಿ ಹಾಕಿ, ಏನೂ ಸಿಗದೆ ಮುಖ ತಿರುಗಿಸಿ ಅತ್ತು, ಕಡೆಗೆ ಬಾಯಿ ಹಾಕುವುದನ್ನೇ ಬಿಟ್ಟಿತು. ಅವ್ವ ಆಡಿನ ಹಾಲಿಗೆ ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ ಕುಡಿಸಿದಳು. ಮಗು ದಷ್ಟಪುಷ್ಟವಾಗಿಯೇ ಬೆಳೆಯಿತು. ಹಟ್ಟಿಯ ಹೆಂಗಸರು ಅದನ್ನು ‘ಆಡಿನ ಕೂಸು’ ಎಂದು ಕರೆದರು. ಮೊದಲು ಹಾಗೆ ಕರೆದವಳು ನಮ್ಮ ಪಕ್ಕದ ಮನೆಯವಳು. ಪ್ರೀತಿಯಿಂದಲೇ ಕರೆದೆ ಎಂದು ಅವಳು ಸಾಯುವವರೆಗೂ ಹೇಳುತ್ತಿದ್ದಳು. ಹಸಿದಾಗ ಮಗು ಅಜ್ಜಿಯ ಕಡೆಗೆ ಕೈ ಚಾಚುತ್ತಿತ್ತು, ಒಳಲೆ ಅವಳ ಕೈಯಲ್ಲಿರುತ್ತಿದ್ದುದರಿಂದ. ಅವ್ವ ಒಳಲೆಯನ್ನು ಸೊಸೆಯ ಕೈಗೆ ಕೊಡಲು ನೋಡಿದಳು. “ಬ್ಯಾಡ, ನಿಮ್ ಕೈಗೆ ಒಗ್ಗೈತೆ,” ಎಂದು ಅವಳು ಹಿಂದಕ್ಕೆ ಸರಿದಳು.

ತೊಟ್ಟಿಲನ್ನು ಮಾತ್ರ ಯಾರಿಗೂ ಬಿಡಲಿಲ್ಲ. ನಾನು ಮತ್ತೊಂದು ಕಂಬಳಿ ನೇಯ್ದು ತೊಲೆಗೆ ಕಟ್ಟಿಕೊಟ್ಟೆ. ಅದರ ಅಂಚಿಗೆ ಗೆರೆ ಹಾಕಲಿಲ್ಲ. ಅವಳು ಅದರ ಪಕ್ಕ ಕುಳಿತು, ಮಗು ಮಲಗಿದ್ದರೂ ಎಚ್ಚರವಾಗಿದ್ದರೂ, ಹಗ್ಗ ಎಳೆಯುತ್ತಲೇ ಇರುತ್ತಿದ್ದಳು. ಹಗ್ಗ ತೊಲೆಗೆ ಉಜ್ಜಿ ಅದೇ ಸದ್ದು. ನನ್ನ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೂ ನಾನು ಎಣ್ಣೆ ಹಾಕುವ ಮಾತೆತ್ತಲಿಲ್ಲ.

ಒಂದು ಸಂಜೆ ಅವ್ವ ಮಗ್ಗದ ಕಡೆಯಿಂದ, “ಮೊಗ ಆಗ್ಲೇ ಮಲಗೈತೆ ಕಣವ್ವ, ಕೈ ನೋಯಾಕಿಲ್ವಾ? ಬುಡು ಸಾಕು,” ಎಂದಳು.

ಅವಳು ಬಿಡಲಿಲ್ಲ. ನಮ್ಮಿಬ್ಬರನ್ನೂ ನೋಡದೆ, ತೊಟ್ಟಿಲನ್ನೇ ನೋಡುತ್ತ ಹೇಳಿದಳು:

“ಇದೊಂದೇ, ಅತ್ತೆ, ನಂಗ್ ಉಳ್ದಿರೋದು. ಇಲ್ಲಿ ತೂಗ್ಕೂಡ್ದು ಅನ್ನೋರು ಯಾರಿಲ್ವಲ್ಲ.”